ಹನ್ನೊಂದು

ಶಾಲೆಯಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು.
ಇಲ್ಲಿ ಹಾಗಲ್ಲ ಮಗೂ, ಎಂದೆ.
ಅವನು ಒಂದೊಂದಾಗಿ ಬಿಚ್ಚಿ ಕೊಡುತ್ತಿದ್ದ
ಪ್ಲಾಸ್ಟಿಕ್ ಚೀಲಕ್ಕೆ: ಬೂಟಿನ ದಾರ ಎರಡು, ಬೆಲ್ಟು ಒಂದು,
ಕಚ್ಚಿದ ಪೆನ್ಸಿಲ್ಲು,
ಬೆಳ್ಳಿ ಹಾಳೆಯಲ್ಲಿ ಸುತ್ತಿದ ಅರ್ಧ ಟೋರ್ಟಿಯಾ.
ರಸೀದಿಯ ಮೇಲೆ ಹೆಸರನ್ನು ಪೂರ್ತಿ ಬರೆದ: ಅನ್ಸೆಲ್ಮೋ ಬಾಕಾ,
ಉತ್ತರಪತ್ರಿಕೆಯ ಮೇಲೆ ಬರೆಯುವ ಹಾಗೆ, ದುಂಡಗೆ.

ರಾತ್ರಿ ಒಂದೂ ಮುಕ್ಕಾಲು. ಹೊರಗೆ ನ್ಯೂ ಮೆಕ್ಸಿಕೋದ ಒಣ ಚಳಿ,
ಒಳಗೆ ಟ್ಯೂಬ್‌ಲೈಟಿನ ಗುಂಯ್.
ನನ್ನ ಕೈಯಲ್ಲಿ ಒಂದೇ ಒಂದು ಹಾಳೆ.

ಪಕ್ಕದ ಮನೆಯ ಪಿಕಪ್ ಒಯ್ದು
ರಿಯೋ ಗ್ರಾಂಡೆಯ ಮರಳಲ್ಲಿ ಸಿಕ್ಕಿಸಿದ್ದಕ್ಕೆ: ಆರು.
ಹೋದ ವರ್ಷದ ಅಂಗಡಿ ಕಿಟಕಿಗೆ: ಎರಡು.
ಕೋರ್ಟಿಗೆ ಕರೆದ ದಿನ ಬಾರದ್ದಕ್ಕೆ: ಮೂರು.
ಆ ದಿನ ಬಸ್ಸೇ ಬರಲಿಲ್ಲ ಎನ್ನುತ್ತಾನೆ.
ಬಸ್ಸಿಗೆ ಈ ಹಾಳೆಯಲ್ಲಿ ಕಲಂ ಇಲ್ಲ.

ಹನ್ನೊಂದು.
"ಪಾಸಾ?" ಎಂದ.

ಒಂಬತ್ತರ ತನಕ ಮನೆ. ಹದಿನೈದು ಮುಟ್ಟಿದರೆ ಬೀಗ.
ನಡುವೆ ಬಿದ್ದವರಿಗೆ ನಡುವಿನದೇ ಏನೋ ಒಂದು:
ಕಾಲಿಗೆ ಪಟ್ಟಿ; ಸಂಜೆ ನಾಲ್ಕರಿಂದ ಎಂಟು
ಚರ್ಚಿನ ನೆಲಮಾಳಿಗೆಯಲ್ಲಿ ಹಾಜರಿ, ಊಟ, ಲೆಕ್ಕದ ಪಾಠ;
ಹೊತ್ತಲ್ಲದ ಹೊತ್ತಲ್ಲಿ ಒಂದು ಫೋನು: ಇದ್ದೀಯಾ?
ಆದರೆ ಕೆಳಗೆ ಸಣ್ಣಕ್ಷರದ ಸಾಲು,
ಕರೆದೊಯ್ಯಲು ದೊಡ್ಡವರು ಬರಬೇಕು.
ಬರದಿದ್ದರೆ ಹನ್ನೊಂದೂ ಒಂದೇ, ಹದಿನೆಂಟೂ ಒಂದೇ.

ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರದ ಮುಂದೆ,
ಅವಳ ಫೋನು ಕಬ್ಬಿಣದ ಕಪಾಟಿನೊಳಗೆ.
ಒಂಬತ್ತು ಸಲ ಮಾಡಿದೆ. ಹತ್ತನೆಯದನ್ನೂ ಕಪಾಟೇ ಕೇಳಿಸಿಕೊಂಡಿತು.
ನಾಲ್ಕನೇ ಕೋಣೆಗೆ ಹೊದಿಕೆ ಹಾಸಿದ್ದೂ ಆಯಿತು.
ಹದಿನಾರು ವರ್ಷದಿಂದ ಹಾಸಿದ್ದೇನೆ; ನನಗೆ ಗೊತ್ತು,
ಒಂದೇ ರಾತ್ರಿ ಎಂದು ಮಲಗಿದವರಿಗೆ
ಎರಡನೆಯದು ಅಷ್ಟು ಕಷ್ಟವಾಗುವುದಿಲ್ಲ.
ಅದೇ ಭಯ.

ಮೂರಕ್ಕೆ ಬಾಗಿಲು ತಟ್ಟಿದವನು ಎಲೋಯ್ ತ್ರುಹೀಯೋ.
ಪಿಕಪ್ಪಿನ ಯಜಮಾನ. ದೂರು ಕೊಟ್ಟವನು.
ಮೊಣಕಾಲ ತನಕ ಮರಳು, ಬಾಯ ತುಂಬ ಸ್ಪ್ಯಾನಿಷ್ ಬೈಗುಳ.
"ಇವನ ಕೈಯಲ್ಲೇ ತೊಳೆಸುತ್ತೇನೆ ಗಾಡಿ," ಎಂದು ಪಕ್ಕಕ್ಕೆ ಸರಿದ.
ಹಿಂದೆ ಅವಳು,
ಏಪ್ರನ್ನು ಬಿಚ್ಚುವುದನ್ನೂ ಮರೆತು.
ಅದೇ ಪಿಕಪ್ಪಿನಲ್ಲಿ ಹೋಗಿ ಕರೆತಂದಿದ್ದ.

ಇದಕ್ಕೆ ಕಳೆಯುವ ಅಂಕವಿದೆಯೇ ಎಂದು ಹುಡುಕಿದೆ.
ಹಾಳೆ ಕೂಡುವುದನ್ನಷ್ಟೇ ಕಲಿತಿದೆ.

ಪಟ್ಟಿ ಬಿಗಿದೆ: ಗೆಜ್ಜೆಯಿಲ್ಲದ ಕಪ್ಪು ಕಾಲಗಡಗ.
ದಿನಕ್ಕೆರಡು ಗಂಟೆ ಚಾರ್ಜಿಗೆ ಹಾಕಿ
ಗೋಡೆಯ ಪಕ್ಕ ಕೂರಬೇಕು, ಗೂಟಕ್ಕೆ ಕಟ್ಟಿದ ಕರುವಿನಂತೆ.
"ನೆನೆದರೆ?" ತಾಯಿ ಕೇಳಿದಳು. ಏನಾಗುವುದಿಲ್ಲ, ಎಂದೆ.
"ಬೆಳೆದರೆ? ತಿಂಗಳಿಗೊಂದು ಬೂಟು ಚಿಕ್ಕದಾಗುತ್ತೆ ಇವನಿಗೆ."
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಒಂದು ತೂತು ಸಡಿಲ ಮಾಡಿದೆ.

ದಾರ ಪೋಣಿಸದೆಯೇ ಬೂಟು ಎಳೆಯುತ್ತ ಹೋದ.
ಟೋರ್ಟಿಯಾವನ್ನು ಬಾಗಿಲಲ್ಲೇ ತಿಂದ.
ನಾಲ್ಕನೇ ಕೋಣೆಯ ಹೊದಿಕೆಯನ್ನು ನಾನು ಮಡಚಲಿಲ್ಲ.
ಐದಕ್ಕೆ ಇನ್ನೊಂದು ಕಾರು ಬರುವುದಿದೆ,
ಅದರೊಳಗೆ ಯಾರೋ,
ಎಷ್ಟೋ.