ಒಳಮಡಿಕೆ

ಸ್ಯಾಲರಿ ಸ್ಲಿಪ್ ಎಲ್ಲಮ್ಮಾ, ಅಂದ
ಬ್ಯಾಂಕಿನ ಹುಡುಗ, ಕಂಪ್ಯೂಟರಿನಿಂದ ಕಣ್ಣು ಕೀಳದೆ.
ಇಲ್ಲ ಅಂದೆ.
ಮತ್ತೆ ಏನು ಕೆಲಸ?
ಕೌಲ್ ಬಜಾರಿನಲ್ಲಿ ನಾಲ್ಕು ಮಷೀನು,
ಪ್ಯಾಂಟಿಗೆ ಜೇಬು ಕೂಡಿಸ್ತೀನಿ, ಜೀನ್ಸ್ ಪ್ಯಾಂಟಿಗೆ.
ಯಾರ ಹತ್ರ?
ಯಾರ ಹತ್ರಾನೂ ಅಲ್ಲಪ್ಪ, ನನ್ನ ಹತ್ರಾನೇ.
ಆ ಉತ್ತರಕ್ಕೆ ಅವನ ಪರದೆಯಲ್ಲಿ ಖಾನೆ ಇರಲಿಲ್ಲ.
ತುಸು ಹುಡುಕಿ, ಒತ್ತಿದ:

ಹೊನ್ನೂರಬಿ. ಇತರೆ.

ಸಂಚಿಯಿಂದ ತೆಗೆದಿಟ್ಟೆ ನೋಟ್‌ಬುಕ್ಕು,
ಮಷೀನೆಣ್ಣೆ ಕುಡಿದ ರಟ್ಟು, ಪೆನ್ಸಿಲ್ಲಿನ ಲೆಕ್ಕ:
ಮಸ್ತಾನ್ ಸೇಠರದು ನಲವತ್ತು ಡಜನ್,
ಖಾಂಡಕೆ ಅಣ್ಣನದು ಹದಿನಾರು, ಬಾಕಿ, ಬಾಕಿ.
ರಂಜಾನಿಗೆ ಮುಂಚೆ ಪುಟದ ತುಂಬ ಅಂಕಿ,
ದೀಪಾವಳಿಗೆ ಅಂಚಿನಲ್ಲೂ ಅಂಕಿ,
ಆಷಾಢದ ಪುಟದಲ್ಲಿ
ಮೊಮ್ಮಗಳು ಬಿಡಿಸಿದ ಒಂದು ಕೋಳಿ.
ಅವನು ಕೋಳಿಯನ್ನೇ ನೋಡಿದ ಬಹಳ ಹೊತ್ತು.
ಆಮೇಲೆ, ಮೂರು ವರ್ಷದ ರಿಟರ್ನ್ಸ್ ತನ್ನಿ ಅಂದ.

ಅಲ್ಲಿತ್ತು ಗಂಟು.

ಆಡಿಟರ್ ಗುಂಡಾಚಾರ್ರ ತಪ್ಪೇನಿಲ್ಲ.
ಜುಲೈ ಬಂದಾಗೆಲ್ಲ ಕೇಳುತ್ತಿದ್ದರು, ಎಷ್ಟು ತೋರಿಸಲಿ ಬೀಬಿ?
ನಾನೇ ಹೇಳಿದ್ದು:
ತೆರಿಗೆಗೆ ತಾಕದಂಗೆ ಒಂದು ಗೇಣು ಕೆಳಗೆ ಕತ್ತರಿಸ್ರಿ,
ಉಳಿದದ್ದು ಒಳಗೆ ಮಡಿಚಿಬಿಡ್ರಿ.
ಬೆಳೆಯೋ ಹುಡುಗರ ಪ್ಯಾಂಟಿಗೆ ಬಿಡ್ತೀವಲ್ಲ, ಹಂಗೆ.
ಬೇಕಾದಾಗ ಬಿಚ್ಚಿಕೊಂಡರಾಯ್ತು.

ಬಿಚ್ಚಿ ನೋಡಿದರೆ ಬಟ್ಟೆಯೇ ಇಲ್ಲ.
ನಾನು ಹೇಳಿದ ಸುಳ್ಳನ್ನು
ನನಗಿಂತ ಗಟ್ಟಿಯಾಗಿ ನಂಬಿತ್ತು ಬ್ಯಾಂಕು.

ಕೆಲಸ ನಿಜವೋ ಅಂತ ನೋಡಲು ಒಬ್ಬ ಬಂದ,
ಮೇ ತಿಂಗಳು, ಮಂಗಳವಾರ, ಎರಡು ಗಂಟೆಗೆ.
ಕೋಟೆ ಗುಡ್ಡ ಕಾದ ಹೆಂಚು.
ಕರೆಂಟಿಲ್ಲ.
ಮಷೀನುಗಳು ಕತ್ತು ಬಗ್ಗಿಸಿ ನಿಂತಿದ್ದವು,
ತಪ್ಪು ಮಾಡಿದವರ ಹಾಗೆ.
ತಿಪ್ಪಮ್ಮ, ರೇಷ್ಮಾ ನೆಲದ ಮೇಲೆ ಕೂತು
ಹೆಚ್ಚಾದ ದಾರ ಕತ್ತರಿಸುತ್ತಿದ್ದರು, ಮಾತಿಲ್ಲ.
ನಿಂತ ಚಕ್ರದ ಫೋಟೋ ಹೊಡೆದುಕೊಂಡ.
ಎದುರಿನ ಚಹಾದವನನ್ನು ಕೇಳಿದ,
ಈಯಮ್ಮ ದಿನಾ ಕೆಲಸ ಮಾಡ್ತಾರಾ?
ಶುಕ್ರವಾರ ಒಂದಿನ ನಮ್ಮ ಕಿವಿಗೆ ರಜಾ ಸಾರ್.
ಅವನು ನಗಲಿಲ್ಲ. ಬರೆದುಕೊಂಡ.
ಏನು ಬರೆದನೋ.
ಅವನ ಸ್ಕೂಟರ್ ತಿರುವು ದಾಟಿತು,
ಕರೆಂಟು ಬಂತು,
ಓಣಿಗೆ ಓಣಿಯೇ ಗುಡುಗಿತು ಅವನ ಬೆನ್ನ ಹಿಂದೆ.

ಕೇಳಿದ್ದು ಹದಿನೆಂಟು ಲಕ್ಷ, ಸಿಕ್ಕಿದ್ದು ಏಳು.
ಬಡ್ಡಿ ಅರ್ಧ ಪರ್ಸೆಂಟು ಮೇಲೆ.
ಅದಕ್ಕೂ ಮಗ ಖಾಜಾಹುಸೇನನ ಸಹಿ ಬೇಕು.
ಅವನು ಪಾಲಿಕೆಯಲ್ಲಿ ನೀರು ಬಿಡುತ್ತಾನೆ;
ಸಂಬಳ ನನ್ನ ದುಡಿಮೆಯ ಅರ್ಧವೂ ಇಲ್ಲ,
ಆದರೆ ಅದಕ್ಕೊಂದು ದುಂಡನೆಯ ಸೀಲು ಇದೆ.
ಅವನ ಓದಿನ ಫೀಸಿಗೆ ನಾನು ಕೂಡಿಸಿದ ಜೇಬುಗಳನ್ನು
ಯಾರೂ ಎಣಿಸಿಲ್ಲ. ನಾನೂ ಎಣಿಸಿಲ್ಲ.

ಗುಗ್ಗರಹಟ್ಟಿ ಕಡೆ ಸೈಟಿನಲ್ಲಿ ಈಗ ಒಂದೇ ರೂಮು,
ಒಂದು ಅಡಿಗೆ ಕಟ್ಟೆ, ಪಶ್ಚಿಮಕ್ಕೆ ಒಂದು ಕಿಟಕಿ.
ಮೇಸ್ತ್ರಿ ದುರುಗಪ್ಪ ಕಂಬಗಳ ತುದಿಯಲ್ಲಿ
ಎರಡೆರಡು ಮೊಳ ಸರಳು ಬಿಟ್ಟಿದ್ದಾನೆ ಹೊರಗೆ,
ದುಡ್ಡು ಬಂದಾಗ ಏರಿಸಿಕೊಳ್ಳಿ ಅಂತ.
ಮಳೆಗೆ ತುಕ್ಕು ಹಿಡಿಯಬಾರದೆಂದು
ಹಳೇ ಡೆನಿಮ್ಮಿನ ಚೂರು ಸುತ್ತಿ ಕಟ್ಟಿದ್ದೇನೆ.

ಮೊನ್ನೆ ಮತ್ತೆ ಜುಲೈ.
ಎಷ್ಟು ತೋರಿಸಲಿ ಬೀಬಿ?
ಇದ್ದಷ್ಟು.
ಗುಂಡಾಚಾರ್ರು ಕನ್ನಡಕ ತೆಗೆದರು.
ತೆರಿಗೆ ಬರ್ತದೆ.
ಬರಲಿ ಬಿಡ್ರಿ.
ಪುಟ ಪುಟ ಕೂಡಿಸಿ, ಕೋಳಿಯನ್ನು ದಾಟಿ,
ವರ್ಷದ ಮೊತ್ತವನ್ನು ಗಟ್ಟಿಯಾಗಿ ಓದಿದರು.

ಬೇರೆ ಯಾರನ್ನೋ ಕರೆದರೇನೋ ಎಂದು
ನಾನು ಬಾಗಿಲ ಕಡೆ ತಿರುಗಿ ನೋಡಿದೆ.