ಬೇಸಿಗೆ ತಂತಿ

ಬಿಲ್ಲಿನಲ್ಲಿ ಅಂಗಡಿಯ ಹುಡುಗ ಬರೆದದ್ದು:
ಬೇಸಿಗೆ ತಂತಿ, ಸೆಟ್ ಒಂದು, ಬಿಡಿ ಒಂದು.
ನಾನು ತಿದ್ದಲಿಲ್ಲ.
ಮೇ ತಿಂಗಳ ಕೊನೆ, ಹಂಪನಕಟ್ಟೆಯ ಡಾಮರು ಚಪ್ಪಲಿಗೆ ಅಂಟುವ ಮಧ್ಯಾಹ್ನ.
ಬೇಸಿಗೆಗೂ ಒಂದು ತಂತಿ ಬೇಕಿರಬಹುದು.

ಲಿಗೋರಿ ಮಾಮ್ ಗಾಜಿನ ಮೇಲೆ ಮೂರು ಪೊಟ್ಟಣ ಹಾಕಿದರು,
ಇಸ್ಪೀಟು ಹಂಚುವ ಕೈ.
"ಇದು ಕಂಚು. ಹದಿನೈದು ದಿನ ಇಗರ್ಜಿ ಗಂಟೆ,
ಆಮೇಲೆ ನಮ್ಮ ಉಪ್ಪುಗಾಳಿ ನೋಡಿಕೊಳ್ತದೆ.
ಮತ್ತೆ ನಿಮ್ಮದರಲ್ಲಿ ಮೆಟ್ಟುಗಳೇ ಇಲ್ಲ ಅಲ್ವಾ ಮಾರಾಯ್ರೆ,
ಇದರ ಸುರುಳಿ ಅಂದರೆ ಅರ. ಹಲಗೆಯನ್ನು ತಿಂದು ಬಿಡ್ತದೆ.
ಇದು ಉಕ್ಕು, ಚಪ್ಪಟೆ ಸುತ್ತಿದ್ದು. ನುಣುಪು ಉಂಟು, ಎಳೆತವೂ ಉಂಟು,
ನಿಮ್ಮ ತೆಳು ಹೊಟ್ಟೆಯ ಪೆಟ್ಟಿಗೆ ತಡೆಯಲಿಕ್ಕಿಲ್ಲ.
ಇದು ನೈಲಾನ್ ಹೊದಿಸಿದ್ದು. ಕರಿ.
ಯಾರೂ ಕೇಳುವುದಿಲ್ಲ, ಎರಡು ವರ್ಷದಿಂದ ಇಲ್ಲೇ ಬಿದ್ದುಕೊಂಡು ಉಂಟು."

ಮೆಟ್ಟು ಕಿತ್ತದ್ದು ನಾನೇ.
ತುಕ್ಕು ಹಿಡಿದು ಬೆರಳು ಕೊಯ್ಯುತ್ತಿದ್ದವು. ಇಕ್ಕಳ ಹಿಡಿದು
ಬಂಗುಡೆಯ ಮುಳ್ಳು ಬಿಡಿಸಿದಂತೆ ಒಂದೊಂದೇ ಬಿಡಿಸಿ,
ಸೀಳುಗಳಿಗೆ ಹಲಸಿನ ಮರದ ಪುಡಿ, ಗೋಂದು ತುಂಬಿದೆ.
ಅಂದಿನಿಂದ ಸ್ವರಕ್ಕೆ ಡೋರ್ ನಂಬರ್ ಇಲ್ಲ.
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವ ಕೆಲಸ;
ಸಿಗುತ್ತದೆ, ಮನೆ ನಮ್ಮದೇ ಆದ್ದರಿಂದ.

ಮಾಮ್‌ಗೆ ಹೇಳದೆ ಇದ್ದದ್ದು ಇಷ್ಟು:
ದಕ್ಕೆಯ ಐಸ್ ಪ್ಲಾಂಟಿನಲ್ಲಿ, ಕಂಪ್ರೆಸರ್ ಪಕ್ಕ,
ಇಪ್ಪತ್ತೆರಡು ವರ್ಷ ನಿಂತು
ನನ್ನ ಕಿವಿಯ ಮೇಲಂತಸ್ತು ಖಾಲಿ.
ಕುಕ್ಕರಿನ ಸೀಟಿ ಇಲ್ಲ, ಸಂಜೆಯ ಜೀರುಂಡೆ ಇಲ್ಲ,
ಮಾತಿನೊಳಗಿನ ಸಕಾರ ಇಲ್ಲ.
ಮಗಳು ಸೆಲಿಸ್ತಾ ತನ್ನ ಹೆಸರು ಹೇಳಿದರೆ
ಎಲಿತಾ ಎಂಬ ಬೇರೆ ಯಾರೋ ಹುಡುಗಿ.
ಕೆಳಗಿನ ಕೋಣೆಯಲ್ಲಿ ಮಾತ್ರ ಇನ್ನೂ ದೀಪ ಉಂಟು.

ಗೋಡೆಯಿಂದ ಇಳಿಸಿದ ಗಿಟಾರಿಗೆ ಕಂಚು ಕಟ್ಟಿ ಮೀಟಿದೆ.
ಬಿಲ್ಲು ಬರೆಯುವ ಹುಡುಗ ತಲೆ ಎತ್ತಿದ. ಸೆಲಿಸ್ತಾ ನಕ್ಕಳು.
ಮಿಂಚು ಅವರಿಗೆ, ಗುಡುಗು ಮಾತ್ರ ನನಗೆ.
ಹೇಗುಂಟು? ಅಂದೆ.
"ಐ... ಒಡೆದ ಹಾಗೆ, ಪಪ್ಪಾ."
ನಡುವಿನ ಸಕಾರ ನಾನೇ ಹಾಕಿಕೊಂಡೆ.
ಐಸ್ ಒಡೆಯುವ ಸದ್ದು!
ದಿನಾ ಅದರ ಎದುರೇ ನಿಂತು
ಅದನ್ನು ಕೇಳದೆ ಎಷ್ಟು ಕಾಲವಾಯಿತು, ಲೆಕ್ಕ ಇಟ್ಟಿಲ್ಲ.

ಮತ್ತೆ ಕರಿಯದು.
ಪೆಟ್ಟಿಗೆಯನ್ನು ಹೊಟ್ಟೆಗೆ ಒರಗಿಸಿ ಎಳೆದೆ.
ತುಂಬಿದ ದೋಣಿಯೊಂದು ದಕ್ಕೆಯ ಟೈರಿಗೆ
ಮೆಲ್ಲ ಬಂದು ತಾಗಿತು, ಪಕ್ಕೆಲುಬಿನ ಒಳಗೆ.
ಇದಾ? ಅಂದೆ.
"ಇದು ನೀವು ರಾತ್ರಿ ಕೆಮ್ಮಿದ ಹಾಗೆ."

ಕರಿ ಸೆಟ್ ತೆಗೆದುಕೊಂಡೆ.
ದುಡ್ಡು ಎಣಿಸುವಾಗ, ಎಂತ ಕಂಡಿತೋ,
ಬಿಡಿಯಾಗಿ ಕಂಚಿನದು ಒಂದು ಕೊಡಿ, ಎಲ್ಲಕ್ಕಿಂತ ಸಪೂರದ್ದು, ಅಂದೆ.
"ಹಾಗೆಲ್ಲ ಕಲಸಲಿಕ್ಕಿಲ್ಲ," ಮಾಮ್ ಗೊಣಗಿದರು.
"ಆ ಒಂದು ಸಾಲು ಹಲಗೆ ಸವೆಯುತ್ತದೆ."
ಸವೆಯಲಿ.

ಜೂನ್ ಒಂದಕ್ಕೆ ದೋಣಿ ಕಟ್ಟಿದರು. ಮೆಷಿನ್ ನಿಂತಿತು.
ಬೋಳಾರದ ಜಗಲಿಯಲ್ಲಿ ಮೂರು ಕರಿ, ಒಂದು ಕಂಚು.
ಕಂಚು ಸತ್ತ ದಿನ ಹೇಳು ಎಂದಿದ್ದೇನೆ ಅವಳಿಗೆ,
ನನಗೆ ಗೊತ್ತಾಗುವುದಿಲ್ಲ.
ಹದಿನೈದು ದಿನ ಆಯಿತು. ಇಪ್ಪತ್ತೂ ಆಯಿತು.
ನಿನ್ನೆ ಪಾತ್ರೆ ಒರೆಸುತ್ತಾ ಬಾಗಿಲಿಗೆ ಬಂದು, ತಲೆ ಓರೆ ಮಾಡಿ,
"ಇನ್ನೂ ಉಂಟು ಪಪ್ಪಾ" ಅಂದಳು.

ಅದರಲ್ಲಿ ಸಕಾರ ಇರಲಿಲ್ಲ.
ಪೂರ್ತಿ ಕೇಳಿತು.