ಬಿಟ್ಟಿ

ದಿನಾ ಬೆಳಿಗ್ಗೆ ಅದು ನನ್ನನ್ನು
'ಸ್ವಾಗತ, ಬಸವಂತ' ಎನ್ನುತ್ತಿತ್ತು.
ಬಸವಂತ ಪರ್ತ್‌ಗೆ ಹೋಗಿ ಮೂರು ವರ್ಷ.
ಹೋಗುವಾಗ ಕಾರು ಒಯ್ದ, ರೊಟ್ಟಿಹಂಚು ಕೂಡ ಒಯ್ದ,
ಹೆಸರನ್ನು ಮಾತ್ರ ಈ ಪೆಟ್ಟಿಗೆಯೊಳಗೆ
ಮರೆತ ಚಪ್ಪಲಿಯ ಹಾಗೆ ಬಿಟ್ಟ.
ಬದಲಾಯಿಸೋಣವೆಂದರೆ ಅವನ ಪಾಸ್‌ವರ್ಡ್ ಕೇಳುತ್ತದೆ.
ನಾನು ಕೇಳಲಾರೆ.

ಅಕ್ಟೋಬರಿನಲ್ಲಿ ಇನ್ನೊಂದು ನೋಟೀಸು:
ನಿಮ್ಮ ಯಂತ್ರ ಹಳೆಯದು,
ಮುಂದಿನ ಆವೃತ್ತಿಗೆ ಲಾಯಕ್ಕಿಲ್ಲ, ಹೊಸದು ಕೊಳ್ಳಿ.
ವೈಯಾಲದ ಆಸ್ಪತ್ರೆಯಲ್ಲಿ ರಾತ್ರಿಯಿಡೀ
ರಕ್ತದ ಶೀಷೆಗಳಿಗೆ ಚೀಟಿ ಅಂಟಿಸಿ ಬಂದವಳು
ನಿಂತುಕೊಂಡೇ ಓದಿದೆ.
ಮುಟ್ಟಿ ನೋಡಿದೆ. ಬೆಚ್ಚಗಿತ್ತು.
ಲಾಯಕ್ಕಿಲ್ಲವಂತೆ.
ಈ ಮಾತನ್ನು ಬೇರೆ ಬಾಯಲ್ಲೂ ಕೇಳಿದ್ದೇನೆ.

ಪಕ್ಕದ ಮನೆಯ ಝ್ಲಾಟ್ಕೊ
ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಂತಿ ಎಳೆದವನು,
ಈಗ ಬೆಳ್ಳುಳ್ಳಿ ಬೆಳೆಯುತ್ತಾನೆ.
ಬೇಲಿಯಾಚೆಯಿಂದ ಕೇಳಿಸಿಕೊಂಡು ಮರುದಿನ ಬಂದ,
ಶೂ ಲೇಸಿಗೆ ಕಟ್ಟಿದ ಪೆನ್‌ಡ್ರೈವು ಹಿಡಿದು.
'ಎಷ್ಟು ಕೊಡಲಿ?'
'ಫ್ರೀ' ಎಂದ. ಆಮೇಲೆ ತಾನೇ ತಿದ್ದಿಕೊಂಡ,
'ಬರೀ ದುಡ್ಡಿನ ಫ್ರೀ ಅಲ್ಲ, ಇದು ಬೇರೆ...'
ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಅಲ್ಲಿಗೆ ಮುಗಿದು
ಇಬ್ಬರೂ ಹಿತ್ತಲ ಕೆಂಪು ಧೂಳು ನೋಡುತ್ತ ನಿಂತೆವು.

ನನ್ನ ಭಾಷೆಯಲ್ಲಾದರೂ ಸಲೀಸೇ?
ಬಿಟ್ಟಿ ಅಂದರೆ ಪುಕ್ಕಟೆ.
ಬಿಟ್ಟಿ ಅಂದರೆ ಕೂಲಿ ಕೊಡದೆ ದುಡಿಸಿಕೊಳ್ಳುವುದೂ ಹೌದು,
ಹನ್ನೆರಡು ವರ್ಷ ಮಾಡಿದ್ದೇನೆ, ಗೊತ್ತು.
ಬಿಟ್ಟ ಅಂದರೆ ಹೋದ.
ಬಿಡು ಅಂದರೆ ಹೋಗಲಿ.
ಬಿಡುವು ಇಲ್ಲ.
ಬಿಡುಗಡೆ ದೊಡ್ಡ ಮಾತಾಯಿತು,
ಕೈದಿಗೂ ಪುಸ್ತಕಕ್ಕೂ ಹೇಳುವಂಥದ್ದು.

ಭಾನುವಾರ. ಇಂಚರ ಕುರ್ಚಿಯ ಮೇಲೆ ಮೊಣಕಾಲೂರಿ ಕೂತಳು.
ಭಾಷೆ ಆರಿಸಿ ಎಂದಿತು.
ಪಟ್ಟಿ ಇಳಿಯುತ್ತ ಹೋಯಿತು,
ಎಲ್ಲೆಲ್ಲಿಯವೋ ಲಿಪಿಗಳು, ಕಝಾಕು, ಖ್ಮೇರು,
ಅದರ ಕೆಳಗೆ
ಕರೆಯದೆ ಬಂದು ಚಾಪೆಯಂಚಿಗೆ ಕೂತ ನೆಂಟನಂತೆ
ಕನ್ನಡ.
ನಮ್ಮದೇ ಅಕ್ಷರದಲ್ಲಿ, ತಲೆಕಟ್ಟು ಸಮೇತ.
ಮಗಳಿಗೆ ಓದಲು ಬಾರದು. 'ಇದೇನಾ ನಮ್ಮದು?' ಎಂದಳು.

ಯಾರು ಕೂತು ಮಾಡಿದರೋ,
ಯಾವ ಊರಿನಲ್ಲಿ, ಊಟವಾದ ಮೇಲೋ, ಊಟ ಬಿಟ್ಟೋ,
ಕಡತ. ಕಸದಬುಟ್ಟಿ. ಹಿಂದಕ್ಕೆ. ಸರಿ.
ನಡುನಡುವೆ ಬೇಸತ್ತು ಇಂಗ್ಲಿಷು ಹಾಗೇ ಉಳಿದಿದೆ,
ಅನ್ನದಲ್ಲಿ ಸಿಕ್ಕ ಕಲ್ಲು.
ಒಂದು ಕಡೆ 'ಮುಂದುವರಸಿ' ಎಂದಿದೆ,
ರಕಾರದ ಗುಡಿಸು ಬಿದ್ದುಹೋಗಿದೆ.
ಯಂತ್ರಕ್ಕಾಗಿದ್ದರೆ ಇಂಥ ತಪ್ಪು ಬರುತ್ತಿರಲಿಲ್ಲ ಅನ್ನಿಸಿ
ಆ ಗುಡಿಸಿನ ಜಾಗವನ್ನು
ಬೆರಳಲ್ಲಿ ಮುಟ್ಟಿದೆ.

ಕೊನೆಗೆ ಕೆಂಪಕ್ಷರ:
ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.
ಫೋಟೋಗಳನ್ನು ನಿನ್ನೆಯೇ ಎತ್ತಿಟ್ಟಿದ್ದೆ.
ಉಳಿದದ್ದು ಅವನ ಟ್ಯಾಕ್ಸ್ ಕಾಗದ, ಯಾವುದೋ ಕ್ರಿಕೆಟ್ ಲೆಕ್ಕ,
'ಹೊಸ ಫೋಲ್ಡರ್ ೭'ರ ಒಳಗೆ
ಅಡಿಲೇಡಿನಲ್ಲಿ ಕಟ್ಟಿಸಬೇಕೆಂದಿದ್ದ ಮನೆ, ಅರ್ಧಕ್ಕೆ ನಿಂತ ನಕ್ಷೆ.
ಮಗಳ ಕೋಣೆ ಹತ್ತಕ್ಕೆ ಹನ್ನೆರಡಡಿ,
ಕಿಟಕಿ ಪೂರ್ವಕ್ಕೆ.
'ಅಮ್ಮಾ, ನಾನು ಒತ್ತಲಾ?'
'ಬಿಡು. ನಾನೇ.'

ಶೇಕಡಾ ಅರವತ್ತೆರಡು ಅನ್ನುವಾಗ
ಕಾಫಿಗಿಟ್ಟ ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಯಿತು.
ಗೃಹಪ್ರವೇಶವೇನಲ್ಲ.
ಒರೆಸುವುದು ಒಂದು ಕೆಲಸ ಹೆಚ್ಚಾಯಿತು, ಅಷ್ಟೆ.

ಮತ್ತೆ ಎದ್ದು ಕೂತು ಕೇಳಿತು: ನಿಮ್ಮ ಹೆಸರೇನು?
ಖಾಲಿ ಚೌಕ. ಮಿಣುಕುವ ಗೆರೆ.
ಆಸ್ಪತ್ರೆಯಲ್ಲಿ ನಾನು ಹನಿ. ಎರಡನೇ ದಿನವೇ
ಯಾರೋ ಕತ್ತರಿಸಿ ಸಿಹಿ ಮಾಡಿದ್ದು.
ಹಕಾರ ಯಾವ ಕೀಲಿಯಲ್ಲಿದೆಯೆಂದು ಹುಡುಕಿ, ತಡವಿ,
ಒತ್ತಿಗೆ ಒದ್ದಾಡಿ,
ಅಜ್ಜಿಯ ಹೆಸರನ್ನು ಇಡಿಯಾಗಿ ಕೂರಿಸಿದೆ:
ಹೊನ್ನವ್ವ.

ಪ್ರಿಂಟರ್ ಇನ್ನೂ ಒಪ್ಪಿಲ್ಲ, ಮುಖ ತಿರುಗಿಸಿಕೊಂಡಿದೆ.
ಝ್ಲಾಟ್ಕೊ ಗುರುವಾರ ಬರುತ್ತಾನಂತೆ,
ಕುಂಡದಲ್ಲಿರುವ ಪುಂಡಿಪಲ್ಲೆಯ ಬೀಜ ಒಂದು ಹಿಡಿ ಕೇಳಿದ್ದಾನೆ.
ಬಂದಾಗ ನೆನಪಿನಿಂದ ವಿಚಾರಿಸಬೇಕು,
ಬಿದ್ದುಹೋದ ಒಂದು ಗುಡಿಸನ್ನು
ಯಾವ ವಿಳಾಸಕ್ಕೆ ಕಳಿಸುವುದು ಎಂದು.